ವರ್ಗಮೂಲದ ಎಲ್ಲೆಯನ್ನರಿತ ಭಾಸ್ಕರಾಚಾರ್ಯರು

ನಮ್ಮ ದೇಶದ ಪ್ರಾಚೀನ ಗ್ರಂಥಕರ್ತರಲ್ಲಿ ಬಹುಮಂದಿ ತಮ್ಮ ಕಾಲವನ್ನಾಗಲಿ ಊರನ್ನಾಗಲಿ ಹೇಳಿಕೊಂಡವರಲ್ಲ. ಕಾವ್ಯವನ್ನು ಬರೆದವರು ಕಾವ್ಯದ ಮರೆಯಲ್ಲಿಯೂ ಶಾಸ್ತ್ರವನ್ನು ಬರೆದವರು ಶಾಸ್ತ್ರದ ಮರೆಯಲ್ಲಿಯೂ ನಿಂತುಬಿಟ್ಟರು. ಅವರ ಕಾಲವನ್ನು ಗೊತ್ತುಪಡಿಸಲು ಪಂಡಿತರು ಇಂದಿಗೂ ವಾದಿಸುತ್ತಿರುವುದುಂಟು. ಗಣಿತ ಮತ್ತು ಜ್ಯೋತಿಷ ಶಾಸ್ತ್ರಗಳಲ್ಲಿ ಸೂರ್ಯನಂತೆ ಬೆಳಗಿದ ಭಾಸ್ಕರಾಚಾರ್ಯರು ಈ ಮಾತಿಗೆ ಅಪವಾದವಾಗಿದ್ದಾರೆ. ತಾವು ಶಕ ವರ್ಷ ೧೦೩೬ರಲ್ಲಿ ಹುಟ್ಟಿದುದನ್ನೂ, ಮೂವತ್ತಾರನೆಯ ವಯಸ್ಸಿನಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ರಚಿಸಿದುದನ್ನೂ ಅವರೇ 'ಗೋಲಾಧ್ಯಾಯ'ದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಆದುದರಿಂದ ಅವರ ಜನನ ಕ್ರಿ. ಶ. ೧೧೧೪ರಲ್ಲಿ, ಮಹಾಗ್ರಂಥದ ರಚನೆ ೧೧೫೦ರಲ್ಲಿ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಈ ಸ್ಮರಣ ಸಂಚಿಕೆಯಲ್ಲಿ ಗಣಿತಜ್ಞರೊಬ್ಬರ ಚರಿತ್ರೆಗೆ ಏನು ಅವಕಾಶವೆಂದು ವಾಚಕರು ಕೇಳಬಹುದು. ನಾವು ಗಣಿತದ ಅಧ್ಯಾಪಕರಲ್ಲ; ಕನ್ನಡವನ್ನು ಪಾಠ ಹೇಳುವವರು. ಆದರೂ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಮಾತು ಬೇರೂರಿರುವುದನ್ನು ಬಲ್ಲೆವು. ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಕಥೆ ಕವಿತೆಗಳು ಬಂದಾವು, ಬೀಜಗಣಿತ ಬಾರದು ಎಂಬುದೇ ಆ ಮಾತು. ಇದನ್ನು ಕೇಳಿ ಕೇಳಿ ಮಕ್ಕಳೂ ನಂಬಿಬಿಡುತ್ತಾರೆ. ಪ್ರೌಢಶಾಲೆಯಲ್ಲಿ ವರ್ಗಮೂಲದ ಚಿಹ್ನೆ ಎದುರಾದೊಡನೆ ಅದರೊಳಗೆ ಋಣಸಂಖ್ಯೆ ಬರಬಾರದೆಂಬ ನಿಯಮವನ್ನು ಯಾರೋ ಹೊರಡಿಸಿದ ಆಜ್ಞೆಯೆಂಬಂತೆ ಕಂಠಪಾಠ ಮಾಡುತ್ತಾರೆ, ಕಾರಣವನ್ನು ಕೇಳುವುದಿಲ್ಲ. ಆ ಕಾರಣವನ್ನು ಎಂಟುನೂರು ವರ್ಷಗಳಿಗೂ ಹಿಂದೆ ಸರಳವಾಗಿ ತಿಳಿಸಿಕೊಟ್ಟವರು ಭಾಸ್ಕರಾಚಾರ್ಯರು. ಅವರ ಚರಿತ್ರೆಯನ್ನು ಬಲ್ಲ ಮಗು ಆ ಚಿಹ್ನೆಯನ್ನು ಕಂಡು ಅಂಜಬೇಕಾಗಿಲ್ಲ.

ಆಚಾರ್ಯರದು ಶಾಂಡಿಲ್ಯ ಗೋತ್ರದ ವಿದ್ವದ್ವಂಶ. ಮೂಲಪುರುಷನಾದ ತ್ರಿವಿಕ್ರಮನು ಕವಿಚಕ್ರವರ್ತಿಯೆನಿಸಿಕೊಂಡಿದ್ದನು. ಅವನ ಮಗ ಭಾಸ್ಕರಭಟ್ಟನಿಗೆ ಭೋಜರಾಜನಿಂದ ವಿದ್ಯಾಪತಿಯೆಂಬ ಬಿರುದು ದೊರೆತಿತ್ತು. ಅಲ್ಲಿಂದ ಮುಂದೆ ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ ಎಂಬವರು ಕ್ರಮವಾಗಿ ಆಗಿಹೋದರು. ಮಹೇಶ್ವರನ ಮಗನೇ ನಮ್ಮ ಚರಿತ್ರನಾಯಕರು. ತಂದೆಯೇ ಅವರಿಗೆ ಗುರು. ಮನೆಯೇ ಪಾಠಶಾಲೆಯಾಗಿ, ತಂದೆಯ ಬಾಯಿಂದಲೇ ಶಾಸ್ತ್ರವನ್ನು ಕೇಳಿ ಬೆಳೆದ ಭಾಗ್ಯ ಅವರದಾಗಿತ್ತು. ಈ ಋಣವನ್ನು ಅವರು ತಮ್ಮ ಗ್ರಂಥದಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಅವರು ಹುಟ್ಟಿದಾಗ ಕಲ್ಯಾಣದ ಸಿಂಹಾಸನದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನಿದ್ದನು. ಅವನ ಆಳಿಕೆ ೧೦೭೬ರಿಂದ ೧೧೨೬ರವರೆಗೆ ನಡೆಯಿತು. 'ಮಿತಾಕ್ಷರ'ವನ್ನು ಬರೆದ ವಿಜ್ಞಾನೇಶ್ವರನೂ, ಕಾಶ್ಮೀರದಿಂದ ಬಂದ ಬಿಲ್ಹಣನೂ ಆ ದೊರೆಯ ಆಶ್ರಯದಲ್ಲಿ ಇದ್ದವರು. ಆಚಾರ್ಯರು ನಡುವಯಸ್ಸನ್ನು ದಾಟುವ ವೇಳೆಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರ ವಚನವಾಣಿ ಮೊಳಗಿತು. ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ರಾಜಾದಿತ್ಯನೂ ಹನ್ನೆರಡನೆಯ ಶತಮಾನದವನೇ. ಅಂದಿನ ದಖ್ಖನದ ವಿದ್ಯಾವೈಭವಕ್ಕೆ ಇಷ್ಟು ಹೆಸರುಗಳೇ ಸಾಕು.

'ಸಿದ್ಧಾಂತಶಿರೋಮಣಿ'ಯಲ್ಲಿ ನಾಲ್ಕು ಭಾಗಗಳಿವೆ. ಅಂಕಗಣಿತಕ್ಕೆ 'ಲೀಲಾವತಿ', ಅವ್ಯಕ್ತ ಸಂಖ್ಯೆಗಳ ಗಣಿತಕ್ಕೆ 'ಬೀಜಗಣಿತ', ಗ್ರಹಗಳ ಗತಿಗೆ 'ಗ್ರಹಗಣಿತ', ಖಗೋಳದ ವಿವರಣೆಗೆ 'ಗೋಲಾಧ್ಯಾಯ'. ಮೊದಲೆರಡು ಭಾಗಗಳು ಕಾಲಕ್ರಮದಲ್ಲಿ ಸ್ವತಂತ್ರ ಗ್ರಂಥಗಳಾಗಿಯೇ ಪ್ರಚಾರಕ್ಕೆ ಬಂದವು. 'ಲೀಲಾವತಿ'ಯ ಆರಂಭವೇ ಸಂತೆಯ ವ್ಯವಹಾರದಿಂದ. ಇಪ್ಪತ್ತು ಕವಡೆಗಳಿಗೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ ಎಂದು ಲೆಕ್ಕವನ್ನು ಕೊಟ್ಟು, ಅಲ್ಲಿಂದ ಸಂಕಲನ ವ್ಯವಕಲನಗಳಿಗೆ, ವರ್ಗ ವರ್ಗಮೂಲಗಳಿಗೆ ಓದುಗನನ್ನು ಕೈಹಿಡಿದು ನಡೆಸುತ್ತಾರೆ. ಎಲ್ಲವೂ ಪದ್ಯದಲ್ಲಿದೆ. ತಾವರೆ, ದುಂಬಿ, ಹಂಸ, ನವಿಲು, ವಾನರ ಇವೆಲ್ಲವೂ ಲೆಕ್ಕದಲ್ಲಿ ಸೇರಿಕೊಂಡಿವೆ. ಕಾವ್ಯವನ್ನು ಬಲ್ಲವನಿಗೆ ಗಣಿತ ಬಾರದೆಂಬ ಮಾತಿಗೆ ಈ ಗ್ರಂಥಕ್ಕಿಂತ ಬೇರೆ ಉತ್ತರ ಬೇಕೆ?

ಲೀಲಾವತಿಯೆಂಬ ಹೆಸರಿಗೆ ಒಂದು ಕಥೆಯೂ ಅಂಟಿಕೊಂಡಿದೆ. ಲೀಲಾವತಿಯು ಆಚಾರ್ಯರ ಮಗಳೆಂದೂ, ಅವಳ ವಿವಾಹದ ಮುಹೂರ್ತವನ್ನರಿಯಲು ಇಟ್ಟಿದ್ದ ಘಟಿಕಾಯಂತ್ರದೊಳಕ್ಕೆ ಅವಳ ಮುತ್ತೊಂದು ಬಿದ್ದು ರಂಧ್ರ ಮುಚ್ಚಿಹೋಯಿತೆಂದೂ, ಮುಹೂರ್ತ ತಪ್ಪಿದ ಮಗಳ ಸಮಾಧಾನಕ್ಕಾಗಿ ತಂದೆ ಈ ಗ್ರಂಥಕ್ಕೆ ಅವಳ ಹೆಸರನ್ನಿಟ್ಟರೆಂದೂ ಹೇಳುವುದುಂಟು. ಈ ಕಥೆ ಕಂಡುಬರುವುದು ಅಕ್ಬರನ ಅಪ್ಪಣೆಯಂತೆ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಆಚಾರ್ಯರ ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲ. ಕಥೆ ಸೊಗಸಾಗಿದೆ, ಆದರೆ ಅದನ್ನು ಚರಿತ್ರೆಯೆಂದು ಹೇಳಲಾಗದು.

ಇನ್ನು ವರ್ಗಮೂಲದ ಪ್ರಸ್ತಾಪಕ್ಕೆ ಬರೋಣ. 'ಬೀಜಗಣಿತ'ದ ಮೊದಲಿನಲ್ಲಿಯೇ ಆಚಾರ್ಯರು ಧನ ಋಣಗಳ ನಿಯಮಗಳನ್ನು ಹೇಳುತ್ತಾರೆ. ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ. ಆದುದರಿಂದ ಧನಸಂಖ್ಯೆಗೆ ಎರಡು ಮೂಲಗಳಿವೆ. ಒಂದು ಧನ, ಇನ್ನೊಂದು ಋಣ. ಋಣಸಂಖ್ಯೆಗಾದರೋ ಮೂಲವೇ ಇಲ್ಲ; ಅದು ಯಾವ ಸಂಖ್ಯೆಯ ವರ್ಗವೂ ಅಲ್ಲವೆಂಬುದೇ ಅದಕ್ಕೆ ಕಾರಣ. ಮೂರನ್ನು ಮೂರರಿಂದ ಗುಣಿಸಿದರೆ ಒಂಬತ್ತು. ಋಣ ಮೂರನ್ನು ಋಣ ಮೂರರಿಂದ ಗುಣಿಸಿದರೂ ಒಂಬತ್ತೇ. ಋಣ ಒಂಬತ್ತನ್ನು ಕೊಡುವ ಸಂಖ್ಯೆ ಎಲ್ಲಿದೆ? ಇಲ್ಲಿ ಆಜ್ಞೆಯ ಮಾತೇ ಇಲ್ಲ. ವರ್ಗವೆಂದರೇನೆಂದು ತಿಳಿದವನಿಗೆ ಈ ನಿಯಮ ತಾನಾಗಿಯೇ ಹೊಳೆಯುತ್ತದೆ.

ಈ ವಿಚಾರದಲ್ಲಿ ಆಚಾರ್ಯರು ಮೊದಲಿಗರಲ್ಲವೆಂಬುದನ್ನೂ ಹೇಳಬೇಕು. ಅವರಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ, ಕ್ರಿ. ಶ. ೮೫೦ರ ಸುಮಾರಿನಲ್ಲಿ, ಜೈನ ಪಂಡಿತರಾದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಋಣರಾಶಿಯು ಸ್ವಭಾವದಿಂದಲೇ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸಾರಿದ್ದರು. ಆ ಗ್ರಂಥದ ಆರಂಭದಲ್ಲಿ ಅವರು ಸ್ತುತಿಸಿರುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅವನ ರಾಜಧಾನಿಯಾದ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಕನ್ನಡ ಅರಸನ ಕಾಲದಲ್ಲಿ ಮೂಡಿದ ಈ ತತ್ತ್ವವನ್ನು ಭಾಸ್ಕರಾಚಾರ್ಯರು ಬೀಜಗಣಿತದ ಲೆಕ್ಕಗಳಿಗೆ ಅನ್ವಯಿಸಿ ತೋರಿಸಿದರು.

ಇಂದಿನ ಪಾಠಪುಸ್ತಕದಲ್ಲಿ ಈ ವಿಚಾರವು ಫಲನದ ಕ್ಷೇತ್ರವೆಂಬ ಹೆಸರಿನಿಂದ ಬರುತ್ತದೆ. ಒಂದು ಸಂಖ್ಯೆಯನ್ನು ಕೊಟ್ಟರೆ ನಿಯಮದಂತೆ ಇನ್ನೊಂದು ಸಂಖ್ಯೆಯನ್ನು ಕೊಡುವ ಏರ್ಪಾಡಿಗೆ ಫಲನವೆಂದು ಹೆಸರು. ಯಾವ ಯಾವ ಸಂಖ್ಯೆಗಳನ್ನು ಕೊಡಲು ಸಾಧ್ಯವೋ ಅವುಗಳ ಸಮುದಾಯವೇ ಅದರ ಕ್ಷೇತ್ರ. ಆಚಾರ್ಯರು ಅವ್ಯಕ್ತ ಸಂಖ್ಯೆಯನ್ನು ಯಾವತ್ತಾವತ್ ಎಂದು ಕರೆದು, ಅದರ ಮೊದಲ ಅಕ್ಷರವಾದ 'ಯಾ' ಎಂಬುದರಿಂದ ಸೂಚಿಸುತ್ತಿದ್ದರು. ನಾವೂ ಅದನ್ನೇ ಬಳಸೋಣ. ಒಬ್ಬ ರೈತನಲ್ಲಿ 'ಯಾ' ಚದರ ಗಜ ಭೂಮಿಯಿದೆಯೆಂದು ಭಾವಿಸೋಣ. ಬಾವಿಗಾಗಿ ೨೦ ಚದರ ಗಜವನ್ನು ಬಿಟ್ಟು, ಉಳಿದಷ್ಟೇ ವಿಸ್ತಾರದ ಚೌಕದ ಮಡಿಯೊಂದನ್ನು ಮಾಡಬೇಕು. ಮಡಿಯ ಒಂದು ಬದಿ √(ಯಾ − ೨೦) ಗಜ. ಭೂಮಿ ೫೬ ಚದರ ಗಜವಾಗಿದ್ದರೆ ಉಳಿಯುವುದು ೩೬, ಬದಿ ೬ ಗಜ. ಸರಿಯಾಗಿ ೨೦ ಇದ್ದರೆ ಉಳಿಯುವುದು ಸೊನ್ನೆ, ಬದಿಯೂ ಸೊನ್ನೆ. ೧೫ ಮಾತ್ರ ಇದ್ದರೆ? ಬಾವಿಗೇ ಸಾಲದಿರುವಾಗ ಮಡಿಯ ಬದಿ ಎಷ್ಟೆಂಬ ಪ್ರಶ್ನೆಯೇ ಹುಟ್ಟದು. ಆದುದರಿಂದ 'ಯಾ' ಇಪ್ಪತ್ತಾಗಿರಬೇಕು ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು.

ಲೆಕ್ಕ ಎಷ್ಟೇ ತೊಡಕಾಗಿದ್ದರೂ ವಿಧಾನ ಇದೇ. ಮೂಲಚಿಹ್ನೆಯ ಒಳಗಿರುವ ರಾಶಿಯೆಲ್ಲವನ್ನೂ ಒಟ್ಟಾಗಿ ತೆಗೆದುಕೊಂಡು, ಅದು ಸೊನ್ನೆ ಅಥವಾ ಧನವಾಗಿರಬೇಕೆಂದು ಬರೆದು ಬಿಡಿಸಬೇಕು. √(೧೦ − ೨ಯಾ) ಎಂಬಲ್ಲಿ ೨ಯಾ ಹತ್ತನ್ನು ಮೀರಬಾರದು. ಎಂದರೆ 'ಯಾ' ಐದನ್ನು ಮೀರಬಾರದು. ಇಲ್ಲಿ 'ಯಾ' ಋಣ ಮೂರಾದರೆ ಅಡ್ಡಿಯಿಲ್ಲ. ಒಳಗಿನ ರಾಶಿ ೧೬ ಆಗಿ ಮೂಲ ೪ ಬರುತ್ತದೆ. ಅನೇಕ ವಿದ್ಯಾರ್ಥಿಗಳು ಋಣವನ್ನು ಕಂಡಲ್ಲೆಲ್ಲ ಹೊಡೆದುಹಾಕಿಬಿಡುತ್ತಾರೆ. ನಿರ್ಬಂಧವಿರುವುದು ಒಳಗಿನ ಒಟ್ಟು ರಾಶಿಗೇ ಹೊರತು ಅವ್ಯಕ್ತ ಸಂಖ್ಯೆಗಲ್ಲ. √(ಯಾ² − ೯) ಎಂಬುದನ್ನು ನೋಡಿದರೆ ಇದು ಇನ್ನೂ ವಿಶದವಾಗುತ್ತದೆ. ಇಲ್ಲಿ 'ಯಾ' ಮೂರು ಅಥವಾ ಅದಕ್ಕಿಂತ ಹೆಚ್ಚಾಗಿರಬಹುದು. ಋಣ ಮೂರು ಅಥವಾ ಅದಕ್ಕಿಂತ ಕಡಿಮೆಯೂ ಆಗಿರಬಹುದು. ನಡುವಿನ ಸಂಖ್ಯೆಗಳಿಗೆ ಮಾತ್ರ ಪ್ರವೇಶವಿಲ್ಲ. ಮೂಲವು ಭಾಜಕದ ಸ್ಥಾನದಲ್ಲಿದ್ದರೆ ಸೊನ್ನೆಯನ್ನೂ ಬಿಡಬೇಕು. ಏಕೆಂದರೆ ಸೊನ್ನೆಯಿಂದ ಭಾಗಿಸುವಂತಿಲ್ಲ.

ಆಚಾರ್ಯರು ಈ ವಿವೇಕವನ್ನು ಲೆಕ್ಕಗಳಲ್ಲಿ ಹೇಗೆ ನಡೆಸಿದರೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಮೊದಲನೆಯದು ದುಂಬಿಗಳ ಲೆಕ್ಕ. ದುಂಬಿಗಳ ಹಿಂಡಿನ ಅರ್ಧದ ವರ್ಗಮೂಲದಷ್ಟು ಮಾಲತೀ ಲತೆಗೆ ಹೋದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಭಾಗವೂ ಹೋಯಿತು. ಪರಿಮಳಕ್ಕೆ ಮನಸೋತು ರಾತ್ರಿ ತಾವರೆಯೊಳಗೆ ಸೆರೆಯಾದ ಗಂಡು ದುಂಬಿಯೊಂದು, ಹೊರಗೆ ಅದಕ್ಕೆ ದನಿಗೊಡುವ ಹೆಣ್ಣು ದುಂಬಿಯೊಂದು ಉಳಿದವು. ಹಿಂಡು ಎಷ್ಟು? 'ಬೀಜಗಣಿತ'ದಲ್ಲಿ ಆಚಾರ್ಯರು ಮೂಲಚಿಹ್ನೆಯ ತೊಡಕು ಬಾರದಂತೆ ಹಿಂಡಿನ ಸಂಖ್ಯೆಯನ್ನು ೨ಯಾ² ಎಂದೇ ಕಲ್ಪಿಸುತ್ತಾರೆ. ಅರ್ಧದ ಮೂಲ ಆಗ 'ಯಾ' ಆಗುತ್ತದೆ. ಲೆಕ್ಕವನ್ನು ಬಿಡಿಸಿದರೆ 'ಯಾ' ಆರು ಬರುತ್ತದೆ, ಹಿಂಡು ೭೨. ಮಾಲತಿಗೆ ೬, ಎಂಟು ಭಾಗ ೬೪, ಉಳಿದದ್ದು ೨. ಆ ಸಮೀಕರಣಕ್ಕೆ ಋಣ ಒಂದೂವರೆ ಎಂಬ ಇನ್ನೊಂದು ಉತ್ತರವೂ ಇದೆ; ಅದರಂತೆ ಹಿಂಡು ನಾಲ್ಕೂವರೆ ಆಗಬೇಕು. ಅರ್ಧ ದುಂಬಿ ಹಾರುವುದೆಂತು? ಸಂಖ್ಯೆಯ ದೃಷ್ಟಿಯಿಂದ ನೋಡಿದರೂ ಹಿಂಡಿನ ಒಂಬತ್ತನೆಯ ಒಂದು ಭಾಗದಲ್ಲಿ ಎರಡನ್ನು ಕಳೆದರೆ ಮಾಲತಿಗೆ ಹೋದ ದುಂಬಿಗಳು ಸಿಗಬೇಕು. ಅದು ಋಣವಾಗದಿರಬೇಕಾದರೆ ಹಿಂಡು ಹದಿನೆಂಟಕ್ಕಿಂತ ಕಡಿಮೆಯಾಗಬಾರದು. ನಾಲ್ಕೂವರೆ ಆ ಎಲ್ಲೆಯ ಹೊರಗಿದೆ.

ಎರಡನೆಯದು ವಾನರರ ಲೆಕ್ಕ. ವಾನರಯೂಥದ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದುದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ವಾನರಗಳು ಗುಹೆಯನ್ನು ಹೊಕ್ಕವು. ಒಂದು ಮಾತ್ರ ಕೊಂಬೆಯ ಮೇಲೆ ಕಂಡಿತು. ಯೂಥ ಎಷ್ಟು? ಇಲ್ಲಿ ಎರಡು ಉತ್ತರಗಳು ದೊರೆಯುತ್ತವೆ: ೫೦ ಮತ್ತು ೫. ಐವತ್ತರ ಐದನೆಯ ಭಾಗ ೧೦, ಮೂರನ್ನು ಕಳೆದರೆ ೭, ವರ್ಗ ೪೯, ಒಂದನ್ನು ಕೂಡಿದರೆ ೫೦. ಐದರ ಐದನೆಯ ಭಾಗ ೧, ಮೂರನ್ನು ಕಳೆದರೆ ಋಣ ೨, ವರ್ಗ ೪, ಒಂದನ್ನು ಕೂಡಿದರೆ ೫. ಅಂಕಿಗಳಲ್ಲಿ ಎರಡೂ ಸರಿಹೋಗುತ್ತವೆ. ಆದರೂ ಆಚಾರ್ಯರು ಎರಡನೆಯದನ್ನು ಸ್ವೀಕರಿಸುವುದಿಲ್ಲ. ಒಂದು ವಾನರದಲ್ಲಿ ಮೂರು ವಾನರಗಳನ್ನು ಕಳೆಯುವುದು ಸಲ್ಲದು. ಎಣಿಸಿ ನೋಡುವ ವಸ್ತುವು ಋಣವಾಗಿರುವುದನ್ನು ಲೋಕವು ಒಪ್ಪದು ಎಂಬುದು ಅವರ ಅಭಿಪ್ರಾಯ. ಇಂದಿನ ವಿದ್ಯಾರ್ಥಿಯು ಇದನ್ನೇ √(ಯಾ − ೧) = ಯಾ/೫ − ೩ ಎಂದು ಬರೆದಾನು. √ ಎಂಬ ಚಿಹ್ನೆಯು ಈಗಿನ ರೂಢಿಯಂತೆ ಋಣವಲ್ಲದ ಮೂಲವನ್ನು ಮಾತ್ರ ಸೂಚಿಸುವುದರಿಂದ ಬಲಭಾಗವೂ ಋಣವಾಗಬಾರದು. 'ಯಾ' ಹದಿನೈದಕ್ಕಿಂತ ಕಡಿಮೆಯಾಗುವಂತಿಲ್ಲ. ಐದು ಬಿಟ್ಟುಹೋಗಿ ಐವತ್ತು ಉಳಿಯುತ್ತದೆ. ಬಂದ ಉತ್ತರವನ್ನೆಲ್ಲ ಕಣ್ಣುಮುಚ್ಚಿ ಬರೆಯದೆ, ಅದನ್ನು ಪ್ರಶ್ನೆಯ ಎದುರಿಗಿಟ್ಟು ಪರೀಕ್ಷಿಸಬೇಕೆಂಬ ಪಾಠ ಇದರಲ್ಲಿದೆ.

ಹಾಗೆಂದು ಆಚಾರ್ಯರ ಮಾತುಗಳೆಲ್ಲವೂ ಇಂದು ಇದ್ದಂತೆಯೇ ನಿಲ್ಲುತ್ತವೆಯೆಂದು ಹೇಳಲಾಗದು. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯನ್ನು ಅವರು ಖಹರವೆಂದು ಕರೆದು, ಅದು ಅನಂತವೆಂದು ಭಾವಿಸಿದರು. ಈಗಿನ ಬೀಜಗಣಿತವು ಅಂತಹ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಋಣದ ಮೂಲದ ವಿಚಾರವೂ ಮುಂದೆ ಬೆಳೆಯಿತು. ಇಟಲಿಯ ಕಾರ್ಡಾನೋ ೧೫೪೫ರಲ್ಲಿಯೂ ಬೊಂಬೆಲ್ಲಿ ೧೫೭೨ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಅಂತಹ ಮೂಲಗಳನ್ನು ಲೆಕ್ಕದಲ್ಲಿ ಬಳಸಿದರು. ಅದರಿಂದ ಸಂಕೀರ್ಣ ಸಂಖ್ಯೆಗಳೆಂಬ ಹೊಸ ಸಂಖ್ಯಾಲೋಕ ತೆರೆಯಿತು. ಆದರೆ ನಾವು ಅಳೆಯುವ, ತೂಗುವ, ಎಣಿಸುವ ವಾಸ್ತವ ಸಂಖ್ಯೆಗಳ ಲೋಕದಲ್ಲಿ ಆಚಾರ್ಯರ ನಿರ್ಣಯ ಇಂದಿಗೂ ಅಚಲವಾಗಿದೆ.

ವರ್ಗಗಳ ವಿಚಾರದಲ್ಲಿ ಅವರ ಬುದ್ಧಿ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಒಂದು ಪೂರ್ಣಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೊಂದು ಪೂರ್ಣವರ್ಗವೇ ಬರಬೇಕು. ಆ ಸಂಖ್ಯೆ ಯಾವುದು? ಚಕ್ರವಾಲವೆಂಬ ವಿಧಾನದಿಂದ ಆಚಾರ್ಯರು ಕಂಡ ಉತ್ತರ ೨೨,೬೧,೫೩,೯೮೦. ಆಗ ದೊರೆಯುವ ವರ್ಗದ ಮೂಲ ೧,೭೬,೬೩,೧೯,೦೪೯. ಫ್ರಾನ್ಸ್ ದೇಶದ ಫೆರ್ಮಾ ಎಂಬ ಗಣಿತಜ್ಞನು ೧೬೫೭ರಲ್ಲಿ ಯೂರೋಪಿನ ಪಂಡಿತರ ಮುಂದೆ ಇದೇ ಪ್ರಶ್ನೆಯನ್ನಿಟ್ಟಾಗ, ಇದಕ್ಕೆ ಐದು ಶತಮಾನಗಳ ಹಿಂದೆಯೇ ದಖ್ಖನದಲ್ಲಿ ಉತ್ತರ ದೊರೆತಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ವಯಸ್ಸಾದರೂ ಆಚಾರ್ಯರು ಲೇಖನಿಯನ್ನು ಕೆಳಗಿಡಲಿಲ್ಲ. ೧೧೮೩ರಲ್ಲಿ, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಪಂಚಾಂಗ ಗಣನೆಗೆ ಅನುಕೂಲವಾದ 'ಕರಣಕುತೂಹಲ'ವನ್ನು ರಚಿಸಿದರು. ಮಗ ಲಕ್ಷ್ಮೀಧರನು ಯಾದವ ದೊರೆ ಜೈತ್ರಪಾಲನ ಆಸ್ಥಾನದಲ್ಲಿ ಪಂಡಿತನಾದನು. ಮೊಮ್ಮಗ ಚಾಂಗದೇವನು ಸಿಂಘಣ ದೊರೆಯ ಬಳಿ ಜ್ಯೋತಿಷಿಯಾಗಿದ್ದು, ಅಜ್ಜನ ಗ್ರಂಥಗಳ ಪಾಠಪ್ರವಚನಕ್ಕಾಗಿಯೇ ಒಂದು ಮಠವನ್ನು ಸ್ಥಾಪಿಸಿದನು. ೧೨೦೭ರಲ್ಲಿ ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿಯನ್ನಿತ್ತನು. ಈ ಸಂಗತಿಗಳನ್ನೂ ಆಚಾರ್ಯರ ವಂಶಾವಳಿಯನ್ನೂ ತಿಳಿಸುವ ಶಿಲಾಶಾಸನವು ಮಹಾರಾಷ್ಟ್ರದ ಚಾಳೀಸಗಾಂವದ ಸಮೀಪದ ಪಾಟಣದಲ್ಲಿ ದೊರೆತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಡಾ. ಭಾವೂ ದಾಜಿಯವರು ಅದನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ನಮ್ಮ ಕಾಲದಲ್ಲಿ ಭಾರತವು ೧೯೭೯ ಮತ್ತು ೧೯೮೧ರಲ್ಲಿ ಅಂತರಿಕ್ಷಕ್ಕೆ ಕಳುಹಿಸಿದ ಎರಡು ಉಪಗ್ರಹಗಳು ಭಾಸ್ಕರನೆಂಬ ಹೆಸರನ್ನೇ ಹೊತ್ತವು.

ಆಚಾರ್ಯರ ಊರಿನ ಹೆಸರು ವಿಜ್ಜಡವಿಡ. ಅದು ಸಹ್ಯಾದ್ರಿಯನ್ನಾಶ್ರಯಿಸಿದ, ವಿದ್ವಜ್ಜನರಿಂದ ತುಂಬಿದ ಪುರವೆಂದು ಅವರೇ ವರ್ಣಿಸಿದ್ದಾರೆ. ಅದು ಇಂದಿನ ವಿಜಯಪುರವೆಂದು ಕೆಲವರೂ, ಪಾಟಣದ ಆಸುಪಾಸಿನದೆಂದು ಕೆಲವರೂ ಸಾಧಿಸುತ್ತಾರೆ. ಹೆಸರಿನ ಹೋಲಿಕೆ ಒಂದು ಕಡೆಗೆ, ಶಾಸನ ಮತ್ತು ಸಹ್ಯಾದ್ರಿಯ ಸಾಮೀಪ್ಯ ಇನ್ನೊಂದು ಕಡೆಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡಿಗರಾದ ನಮಗೆ ವಿಜಯಪುರ ನೆರೆಯ ಜಿಲ್ಲೆ. ಆಚಾರ್ಯರು ನಮ್ಮವರೇ ಎಂದು ಘೋಷಿಸಿಬಿಡಲು ಮನಸ್ಸು ತವಕಿಸುವುದು ಸಹಜ. ಆದರೆ ಪ್ರಮಾಣವು ಎಲ್ಲಿಯವರೆಗೆ ಸಲ್ಲುವುದೋ ಅಲ್ಲಿಯವರೆಗೆ ಮಾತ್ರ ಹೇಳಬೇಕೆಂಬುದು ಅವರೇ ಕಲಿಸಿದ ಶಿಸ್ತು. ಅವರು ಹುಟ್ಟಿದ ಕಾಲಕ್ಕೆ ವಿಜಯಪುರದ ಸೀಮೆ ಚಾಲುಕ್ಯರದು. ಉತ್ತರದ ಸೇವುಣ ಅರಸರು ಚಾಲುಕ್ಯರ ಸಾಮಂತರು. ಇಂದಿನ ರಾಜ್ಯಗಳ ಗಡಿ ಅಂದು ಇರಲಿಲ್ಲ. ಕನ್ನಡಿಗರೂ ಮರಾಠಿಗರೂ ಅವರನ್ನು ಸಮಾನವಾಗಿ ಪೂಜಿಸಿದರೆ ಯಾರಿಗೂ ನಷ್ಟವಿಲ್ಲ.

ನಮಗೆ ಮುಖ್ಯವಾಗಿ ತೋರುವುದು ಚಾಂಗದೇವನ ಕಾರ್ಯ. ಅಜ್ಜನ ಕೀರ್ತಿಯನ್ನು ಹೊಗಳಿ ಸುಮ್ಮನಾಗದೆ ಅಜ್ಜನ ಗ್ರಂಥವನ್ನು ಮಕ್ಕಳಿಗೆ ಕಲಿಸುವ ಏರ್ಪಾಡನ್ನು ಅವನು ಮಾಡಿದನು. ಗಡಿನಾಡಿನ ನಮ್ಮ ಕನ್ನಡ ಶಾಲೆಗಳಿಗೂ ಅಂತಹ ಹಿರಿಯರು ಬೇಕು. ತಾಯ್ನುಡಿಯಲ್ಲಿ ಕೇಳಿದ ಕಾರಣವು ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ತಂದೆತಾಯಂದಿರು ಈ ವರ್ಷ ಮಕ್ಕಳನ್ನು ಕೂರಿಸಿಕೊಂಡು ದುಂಬಿಗಳ ಲೆಕ್ಕವನ್ನೊಮ್ಮೆ ಬಿಡಿಸಲಿ. ಋಣಕ್ಕೆ ಮೂಲವೇಕಿಲ್ಲವೆಂದು ಮಗುವನ್ನು ಕೇಳಲಿ. ಅದು ತನ್ನ ಮಾತಿನಲ್ಲಿಯೇ ಉತ್ತರ ಕೊಡುವವರೆಗೆ ಕಾಯಲಿ. ಆಚಾರ್ಯರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಕಾಣಿಕೆಯನ್ನು ನಾವು ಕಾಣೆವು.